ಮಕ್ಕಳಿರುವ 12 ಮನೆಗಳನ್ನು ಗೊಂಬೆ ನೋಡಲು ಕರೆಯುವಾಗ

ನಮಸ್ಕಾರ. ಬೆಂಗಳೂರಿನ ಎರಡು ಕೋಣೆಗಳ ಅಪಾರ್ಟ್‌ಮೆಂಟಿನಲ್ಲಿ ಈ ವರ್ಷ ಮೊದಲ ಬಾರಿಗೆ ದಸರಾ ಗೊಂಬೆ ಕೂರಿಸುತ್ತಿರುವುದಾಗಿಯೂ, ನವರಾತ್ರಿಯ ಶನಿವಾರ ಸಂಜೆ ಮಕ್ಕಳಿರುವ 12 ಕುಟುಂಬಗಳನ್ನು ಕರೆಯಬೇಕೆಂದಿರುವುದಾಗಿಯೂ ತಾವು ಗುಂಪಿನಲ್ಲಿ ಬರೆದಿದ್ದೀರಿ. ಮಕ್ಕಳ ಕೈಯಿಂದ ಗೊಂಬೆಗಳನ್ನು ಕಾಪಾಡುವುದು ಹೇಗೆ, ತಿನ್ನಲು ಏನು ಮಾಡುವುದು, ಸಿದ್ಧತೆಯನ್ನು ಎಷ್ಟು ದಿನ ಮುಂಚೆ ಆರಂಭಿಸುವುದು ಎಂಬ ಮೂರು ಪ್ರಶ್ನೆಗಳನ್ನೂ ಕೇಳಿದ್ದೀರಿ. ಮೈಸೂರಿನ ನಮ್ಮ ಮನೆಯಲ್ಲಿ 24 ವರ್ಷಗಳಿಂದ ಗೊಂಬೆ ಕೂರಿಸುತ್ತಿದ್ದೇವೆ. ಪ್ರತಿ ವರ್ಷವೂ ಒಂದು ಸಂಜೆಯನ್ನು ಮಕ್ಕಳಿಗೆಂದೇ ಇಡುತ್ತೇವೆ. ಆ ಅನುಭವದಿಂದ ತಿಳಿದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೈಸೂರಿನ ಹಳೆಯ ಕೇರಿಗಳಲ್ಲಿ ಮಕ್ಕಳು ಗುಂಪು ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗಿ ‘ಗೊಂಬೆ ಕೂರಿಸಿದ್ದೀರಾ?’ ಎಂದು ಬಾಗಿಲಲ್ಲೇ ಕೂಗಿ ಕೇಳುತ್ತಿದ್ದರು, ಒಳಗೆ ಬಂದು ಒಂದು ಹಾಡು ಹೇಳಿ, ಗೊಂಬೆ ಬಾಗಿನವೆಂದು ಕೊಡುತ್ತಿದ್ದ ತಿಂಡಿಯನ್ನು ತೆಗೆದುಕೊಂಡು ಮುಂದಿನ ಮನೆಗೆ ಓಡುತ್ತಿದ್ದರು. ಪೂಜೆ ದೊಡ್ಡವರದಾದರೂ ಗೊಂಬೆಯ ಸಂಜೆ ಮೊದಲಿನಿಂದಲೂ ಮಕ್ಕಳದ್ದು. ಆದ್ದರಿಂದ ಗೊಂಬೆಗಳನ್ನು ಮಕ್ಕಳಿಂದ ಕಾಪಾಡುವುದು ಹೇಗೆಂದು ಯೋಚಿಸುವ ಬದಲು, ಇಡೀ ಸಂಜೆಯಲ್ಲಿ ‘ಮುಟ್ಟಬೇಡ’ ಎಂಬ ಮಾತನ್ನು ಒಮ್ಮೆಯೂ ಆಡದಿರಲು ಏನೇನು ಮಾಡಬೇಕೆಂದು ಯೋಚಿಸಿ ನೋಡಿ. ಗೊಂಬೆ ಜೋಡಿಸುವ ಮೆಟ್ಟಿಲು, ದೀಪ, ಊಟ, ಆಟ ಎಲ್ಲದರ ವ್ಯವಸ್ಥೆಯೂ ಇದೊಂದರಿಂದಲೇ ತೀರ್ಮಾನವಾಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ನೋವಿನ ಪ್ರಸಂಗದಿಂದ. ಹಲವು ವರ್ಷಗಳ ಹಿಂದೆ ನಾಲ್ಕು ವರ್ಷದ ಮಗುವೊಂದು ನಮ್ಮ ಮೆಟ್ಟಿಲಿನ ಮುಂದೆ ಇಳಿಬಿದ್ದಿದ್ದ ಬಿಳಿಯ ಬಟ್ಟೆಯನ್ನು ಹಿಡಿದು ಎಳೆದಾಗ, ನಮ್ಮ ಅತ್ತೆಯವರು ಕೊಟ್ಟಿದ್ದ ಮಣ್ಣಿನ ದಶಾವತಾರದ ಗೊಂಬೆಗಳಲ್ಲಿ ಆರು ಬಿದ್ದು ಒಡೆದವು. ನಾನು ಗಟ್ಟಿಯಾಗಿ ಗದರಿದೆ. ಮರುವರ್ಷ ಎಷ್ಟು ಕರೆದರೂ ಆ ಮಗು ನಮ್ಮ ಹೊಸ್ತಿಲು ದಾಟಲಿಲ್ಲ. ತಪ್ಪು ಬಟ್ಟೆಯನ್ನು ಹಾಗೆ ಇಳಿಬಿಟ್ಟಿದ್ದ ನನ್ನದು. ಅಂದಿನಿಂದ ಬಟ್ಟೆಯ ಅಂಚನ್ನು ಪ್ರತಿ ಮೆಟ್ಟಿಲಿನ ಹಲಗೆಯ ಕೆಳಗೆ ಮಡಚಿ, ಒಳಗಡೆಯಿಂದ ಡ್ರಾಯಿಂಗ್ ಪಿನ್ ಚುಚ್ಚಿ ಭದ್ರಪಡಿಸುತ್ತೇನೆ. ಹಿಡಿದೆಳೆಯಲು ತುದಿಯೇ ಸಿಗಬಾರದು.

ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರುವುದು ರೂಢಿ. ತಮ್ಮ ಮನೆಗೆ ಐದು ಸಾಕು, ಮೂರಾದರೂ ಕೊರತೆಯೇನಿಲ್ಲ. ಪ್ರತಿ ಮೆಟ್ಟಿಲು 9 ಅಂಗುಲ ಎತ್ತರ ಮತ್ತು 10 ಅಂಗುಲ ಆಳವಿದ್ದರೆ ಐದು ಮೆಟ್ಟಿಲುಗಳಿಗೆ ಗೋಡೆಯಿಂದ ನಾಲ್ಕು ಅಡಿಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಕಬ್ಬಿಣದ ಸಿದ್ಧ ಚೌಕಟ್ಟನ್ನೇ ಕೊಳ್ಳಬೇಕೆಂದಿಲ್ಲ. ಟ್ರಂಕು, ಮೇಜು, ಬೆಂಚುಗಳ ಮೇಲೆ ಹಲಗೆ ಹಾಕಿಯೇ ನಮ್ಮ ಹಿರಿಯರು ನಡೆಸಿಕೊಂಡು ಬಂದಿದ್ದಾರೆ. ಗೊಂಬೆ ಇಡುವ ಮೊದಲು ಮನೆಯ ದೊಡ್ಡವರೊಬ್ಬರು ಎರಡು ಕೈಗಳಿಂದ ಮೆಟ್ಟಿಲನ್ನು ತಳ್ಳಿ ನೋಡಬೇಕು. ಅಲ್ಲಾಡಿದರೆ ಹಿಂಬದಿಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ.

ಪಟ್ಟದ ಗೊಂಬೆಗಳು, ಅಂದರೆ ಮದುವೆಯಲ್ಲಿ ತವರಿನಿಂದ ಕೊಡುವ ರಾಜ ರಾಣಿಯರು, ಕಳಶದೊಡನೆ ಮೇಲಿನ ಮೆಟ್ಟಿಲಿನಲ್ಲಿರಲಿ. ಮಣ್ಣಿನ ಮತ್ತು ಪಿಂಗಾಣಿಯ ಗೊಂಬೆಗಳೆಲ್ಲ ಮೂರನೆಯ ಮೆಟ್ಟಿಲಿನಿಂದ ಮೇಲಕ್ಕೆ ಹೋಗಲಿ. ಕೆಳಗಿನ ಎರಡು ಮೆಟ್ಟಿಲುಗಳ ಆಳ ಸೇರಿದರೆ 20 ಅಂಗುಲವಾಗುವುದರಿಂದ, ನೆಲದ ಮೇಲೆ ನಿಂತ ಚಿಕ್ಕ ಮಗುವಿನ ಕೈ ಮೂರನೆಯದನ್ನು ಸುಲಭವಾಗಿ ತಲುಪುವುದಿಲ್ಲ. ಆ ಕೆಳಗಿನ ಎರಡನ್ನು ಸಂಪೂರ್ಣವಾಗಿ ಮಕ್ಕಳಿಗೇ ಬಿಟ್ಟುಬಿಡಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು, ಬಟ್ಟೆಯ ಗೊಂಬೆಗಳು, ಮರದ ಆನೆ ಮತ್ತು ಗಾಡಿ, ಇವೆಲ್ಲ ಬಿದ್ದರೂ ಒಡೆಯುವುದಿಲ್ಲ. ಸಂಜೆ ಮುಗಿಯುವ ಹೊತ್ತಿಗೆ ಜಂಬೂ ಸವಾರಿಯ ಆನೆ ಸೋಫಾದ ಕೆಳಗೆ ಸಿಕ್ಕರೂ ಚಿಂತೆಯಿಲ್ಲ. ಮೊದಲ ವರ್ಷವೇ ಮೆಟ್ಟಿಲು ತುಂಬಬೇಕೆಂಬ ಹಂಬಲದಿಂದ ದುಬಾರಿ ಗೊಂಬೆಗಳನ್ನು ಕೊಳ್ಳಬೇಡಿ; ವರ್ಷಕ್ಕೊಂದೆರಡು ಸೇರಿಸುತ್ತಾ ಹೋದಾಗಲೇ ಪ್ರತಿ ಗೊಂಬೆಗೂ ಹೇಳಲು ಒಂದು ಕಥೆ ಇರುತ್ತದೆ.

ಶೆಟ್ಟಿ ದಂಪತಿಗಳ ಅಂಗಡಿಯನ್ನು, ಅಂದರೆ ದಿನಸಿ ಮಾರಲು ಕುಳಿತ ವ್ಯಾಪಾರಿ ಗಂಡ ಹೆಂಡಿರ ಗೊಂಬೆಗಳನ್ನು, ಮೆಟ್ಟಿಲಿನ ಮೇಲಿಡದೆ ಪಕ್ಕದಲ್ಲಿ ಚಾಪೆ ಹಾಸಿ ನೆಲದ ಮೇಲೆ ಹೂಡಿ ಎಂಬುದು ನನ್ನ ವಿಶೇಷ ಸಲಹೆ. ಚಿಕ್ಕ ಬಟ್ಟಲುಗಳಲ್ಲಿ ಅಕ್ಕಿ, ಹೆಸರುಬೇಳೆ, ಬೆಲ್ಲದ ಅಚ್ಚುಗಳನ್ನೂ ಜೊತೆಗೆ ಒಂದು ಆಟದ ತಕ್ಕಡಿಯನ್ನೂ ಇಟ್ಟರೆ ಐದರಿಂದ ಎಂಟು ವರ್ಷದ ಮಕ್ಕಳು ಅರ್ಧ ಗಂಟೆ ಅಲ್ಲಿಂದ ಏಳುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳು ಬರುವವರಿದ್ದರೆ ಕಾಳುಗಳನ್ನು ಬಾಯಿಗೆ ಅಥವಾ ಮೂಗಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಅವುಗಳ ಬದಲು ನಿಂಬೆಹಣ್ಣು, ಆಲೂಗಡ್ಡೆ, ಬದನೆಕಾಯಿ ಇಡಿ. ತರಕಾರಿ ಅಂಗಡಿಯೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಮೇಲಿನ ಮೆಟ್ಟಿಲುಗಳಿಗೆ ಕಣ್ಣು ಹೋಗಬೇಕು, ಕೈ ಹೋಗಬಾರದು. ಇದಕ್ಕೆ ‘ಗೊಂಬೆ ಹುಡುಕು’ ಆಟ ಬಹಳ ಉಪಯುಕ್ತ. ಹತ್ತು ಪ್ರಶ್ನೆಗಳ ಚೀಟಿಯನ್ನು ಪ್ರತಿ ಮಗುವಿಗೂ ಕೊಡಿ: ನವಿಲಿನ ಮೇಲೆ ಕುಳಿತವರು ಯಾರು, ಬೆಣ್ಣೆಯ ಮಡಕೆ ಎಲ್ಲಿದೆ, ವೀಣೆ ಹಿಡಿದವರು ಎಷ್ಟನೆಯ ಮೆಟ್ಟಿಲಲ್ಲಿದ್ದಾರೆ, ಎಂಬಂಥವು. ಓದಲು ಬಾರದವರಿಗೆ ಚಿತ್ರ ಬರೆದ ಚೀಟಿ ಇರಲಿ, ಅಥವಾ ಅಣ್ಣ ಅಕ್ಕಂದಿರ ಜೊತೆ ಜೋಡಿ ಮಾಡಿ. ಗೆದ್ದವರಿಗೆ ಬೇರೆ ಬಹುಮಾನ ಬೇಡ, ಎಲ್ಲರೂ ಹುಡುಕಿ ಮುಗಿಸಿದರೆ ಸಾಕು. ಇದಾದ ಮೇಲೆ ಮನೆಯ ಅಜ್ಜಿಯೋ ತಾತನೋ ಯಾವುದಾದರೂ ಒಂದೇ ಗೊಂಬೆಯ ಕಥೆಯನ್ನು ಹತ್ತು ನಿಮಿಷ ಹೇಳಲಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಒಳಕೋಣೆಯಲ್ಲಿ ಚೌಕಾಬಾರ ಮತ್ತು ಅಳಗುಳಿ ಮಣೆ ಹಾಕಿಕೊಡಿ. ಅವರಿಗೆ ಬೇಕಾದದ್ದು ಅಷ್ಟೇ.

ಗೊಂಬೆಯ ಮುಂದಿನ ಉದ್ಯಾನಕ್ಕೆ ರಾಗಿಯ ಪೈರು ಎಲ್ಲಕ್ಕಿಂತ ಚೆಂದ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತಟ್ಟೆಯಲ್ಲಿ ಎರಡು ಅಂಗುಲ ಮಣ್ಣು ಹರಡಿ ಅದರ ಮೇಲೆ ಒತ್ತಾಗಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಎಂಟು ಹತ್ತು ದಿನಗಳಲ್ಲಿ ಹಸಿರು ಹಾಸು ಸಿದ್ಧವಾಗುತ್ತದೆ. ತಡವಾಗಿ ನೆನಪಾದರೆ ಸಾಸಿವೆ ಹಾಕಿ, ಅದು ಇನ್ನೂ ಬೇಗ ಏಳುತ್ತದೆ. ಬಂದ ಮಕ್ಕಳಿಗೂ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಒಬ್ಬೊಬ್ಬರಿಗೆ ಒಂದು ತೆಂಗಿನ ಚಿಪ್ಪು, ಒಂದು ಹಿಡಿ ಮಣ್ಣು, ಒಂದು ಚಮಚ ನೆನೆಸಿದ ರಾಗಿ ಕೊಟ್ಟು ಬಿತ್ತಿಸಿ ಮನೆಗೆ ಕಳುಹಿಸಿ. ಎರಡು ವರ್ಷಗಳಿಂದ ನಾವು ಹೀಗೆ ಮಾಡುತ್ತಿದ್ದೇವೆ. ವಾರ ಕಳೆದ ಮೇಲೆ ಪೈರಿನ ಚಿತ್ರಗಳು ಒಂದೊಂದಾಗಿ ಫೋನಿಗೆ ಬರುವುದನ್ನು ನೋಡುವ ಸಂತೋಷವೇ ಬೇರೆ.

ಇನ್ನು ಸಮಯದ ವಿಚಾರ. 12 ಕುಟುಂಬಗಳೆಂದರೆ 40 ಜನರಾಗುತ್ತಾರೆ, ಅಷ್ಟು ಜನ ಒಂದೇ ಸಲ ತಮ್ಮ ಹಾಲಿನಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ಮಕ್ಕಳಿಗೆ ಓಡಾಡಲು ಜಾಗವಿರುವುದಿಲ್ಲ. ಪುಟ್ಟ ಮಕ್ಕಳಿರುವ ಆರು ಮನೆಗಳನ್ನು 4.30ಕ್ಕೂ, ಶಾಲೆಗೆ ಹೋಗುವ ಮಕ್ಕಳಿರುವ ಆರು ಮನೆಗಳನ್ನು 6.30ಕ್ಕೂ ಕರೆಯಿರಿ, ಮುಗಿಯುವ ಹೊತ್ತನ್ನೂ ಆಹ್ವಾನದಲ್ಲಿಯೇ ಬರೆಯಿರಿ. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಎಳೆಯ ಮಕ್ಕಳು ನಗುನಗುತ್ತಾ ಇರುವುದಿಲ್ಲ. ಸರಸ್ವತಿ ಪೂಜೆ, ಆಯುಧ ಪೂಜೆಗಳ ದಿನ ಎಲ್ಲರ ಮನೆಯಲ್ಲೂ ಕೆಲಸವಿರುತ್ತದೆ, ಆದ್ದರಿಂದ ನವರಾತ್ರಿಯ ಮೊದಲ ಭಾಗದಲ್ಲಿ ಬರುವ ಶನಿವಾರವೇ ಮೇಲು. ಯಾವ ಮಗುವಿಗೆ ಕಡಲೆಕಾಯಿ, ಹಾಲು ಅಥವಾ ಬೇರೇನಾದರೂ ಒಗ್ಗುವುದಿಲ್ಲ ಎಂಬುದನ್ನು ಕರೆಯುವಾಗಲೇ ಕೇಳಿಕೊಳ್ಳಿ.

ಊಟಕ್ಕೆ ಎಂಟು ಹತ್ತು ಬಗೆ ಬೇಡ. ಬಿಸಿಬೇಳೆಬಾತು, ಮೊಸರನ್ನ, ಕೋಸಂಬರಿ, ಕಡಲೆಕಾಳಿನ ಉಸಲಿ, ರವೆ ಉಂಡೆ, ಪಾನಕ, ಬಾಳೆಹಣ್ಣು ಇಷ್ಟಿದ್ದರೆ ಹಬ್ಬವೇ. 40 ಜನರ ಅಳತೆ ಹೀಗೆ: ಬಿಸಿಬೇಳೆಬಾತಿಗೆ 2 ಕಿಲೋ ಅಕ್ಕಿ, 1 ಕಿಲೋ ತೊಗರಿಬೇಳೆ, 2 ಕಿಲೋ ತರಕಾರಿ, ಮೊಸರನ್ನಕ್ಕೆ 1 ಕಿಲೋ ಅಕ್ಕಿ, 2 ಲೀಟರ್ ಹಾಲು, ಅರ್ಧ ಲೀಟರ್ ಮೊಸರು, ಕೋಸಂಬರಿಗೆ ಅರ್ಧ ಕಿಲೋ ಹೆಸರುಬೇಳೆ, ಉಸಲಿಗೆ ಒಂದೂಕಾಲು ಕಿಲೋ ಕಡಲೆಕಾಳು, ಪಾನಕಕ್ಕೆ 6 ಲೀಟರ್ ನೀರಿಗೆ ಮುಕ್ಕಾಲು ಕಿಲೋ ಬೆಲ್ಲ ಮತ್ತು 8 ನಿಂಬೆಹಣ್ಣು. ಬಿಸಿಬೇಳೆಬಾತು ನಿಂತಷ್ಟೂ ಗಟ್ಟಿಯಾಗುವುದರಿಂದ ಎರಡನೆಯ ತಂಡಕ್ಕೆ ಬಡಿಸುವ ಮುನ್ನ ಬಿಸಿನೀರು ಬೆರೆಸಿ ಸಡಿಲಮಾಡಬೇಕು. ಮೊಸರನ್ನವನ್ನು ಮಧ್ಯಾಹ್ನ ಹಾಲಿನಲ್ಲಿ ಕಲೆಸಿ ಕೊನೆಗೆ ಮೊಸರು ಹಾಕಿದರೆ ರಾತ್ರಿಯಾದರೂ ಹುಳಿಯಾಗುವುದಿಲ್ಲ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿನಲ್ಲಿಯೇ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಹಸಿಮೆಣಸಿನಕಾಯಿ ಹಾಕುವ ಮೊದಲೇ ಮಕ್ಕಳ ಪಾಲನ್ನು ಎತ್ತಿಡಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಾಲ್ಕೈದು ವರ್ಷದೊಳಗಿನ ಮಕ್ಕಳ ಗಂಟಲಿನಲ್ಲಿ ಇಡೀ ಕಡಲೆಕಾಳು, ಕಡಲೆಕಾಯಿ ಬೀಜ, ಗೋಡಂಬಿ, ಗಟ್ಟಿ ಕೋಡುಬಳೆಯ ಚೂರು ಸಿಕ್ಕಿಕೊಳ್ಳಬಹುದು, ಅದರಲ್ಲೂ ಓಡುತ್ತಾ ತಿನ್ನುವಾಗ. ಅವರ ಉಸಲಿಯನ್ನು ಮೆತ್ತಗೆ ಬೇಯಿಸಿ ಹಿಸುಕಿಯೇ ಕೊಡಿ, ಅವರ ರವೆ ಉಂಡೆಗೆ ಗೋಡಂಬಿ ದ್ರಾಕ್ಷಿ ಹಾಕಬೇಡಿ, ಎಲ್ಲ ಮಕ್ಕಳನ್ನೂ ಕೂರಿಸಿ ತಿನ್ನಿಸಿ.

ದೀಪದ ವಿಷಯದಲ್ಲಿಯೂ ಇಷ್ಟೇ ಜಾಗ್ರತೆ ಬೇಕು. ಹಬ್ಬವೆಂದು ಹೆಣ್ಣುಮಕ್ಕಳು ಉದ್ದನೆಯ ಲಂಗ ತೊಟ್ಟು ಬರುತ್ತಾರೆ, ನೆಲದ ಮೇಲಿಟ್ಟ ದೀಪಕ್ಕೆ ಅದರ ಅಂಚು ತಾಗಲು ಒಂದು ಕ್ಷಣ ಸಾಕು. ಎಣ್ಣೆಯ ದೀಪ ಮಕ್ಕಳ ಕೈಗೆ ಸಿಗದ ಎತ್ತರದ ಗೂಡಿನಲ್ಲಿರಲಿ, ಆರತಿಯನ್ನು ದೊಡ್ಡವರೇ ಎತ್ತಿ ಮುಗಿಸಿ ತಟ್ಟೆಯನ್ನು ಕೂಡಲೇ ಒಳಗೆ ಒಯ್ಯಲಿ. ಸೀರಿಯಲ್ ಬಲ್ಬುಗಳ ವೈರು ಮತ್ತು ಎಕ್ಸ್‌ಟೆನ್ಷನ್ ಬಾಕ್ಸ್ ಮೆಟ್ಟಿಲಿನ ಹಿಂದೆ ಇರಲಿ.

ಅರಿಶಿನ ಕುಂಕುಮ ಮತ್ತು ತಾಂಬೂಲವನ್ನು ಬಂದ ಎಲ್ಲ ಹೆಂಗಸರಿಗೂ ಕೊಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಗಂಡನನ್ನು ಕಳೆದುಕೊಂಡ ಅಜ್ಜಿಯೊಬ್ಬರು ಮೊಮ್ಮಗುವಿನ ಕೈ ಹಿಡಿದು ಬಂದು, ತಟ್ಟೆ ತಮ್ಮನ್ನು ದಾಟಿ ಮುಂದೆ ಹೋಗುವುದನ್ನು ಆ ಮಗುವಿನ ಎದುರಿನಲ್ಲಿ ನೋಡಬೇಕಾಗಿ ಬರಬಾರದು. ಬೇರೆ ಧರ್ಮದ ನೆರೆಯವರು ಬಂದಾಗ ಕುಂಕುಮ ಇಡಲೇ ಎಂದು ಮೆಲ್ಲಗೆ ಕೇಳಿ, ಬೇಡವೆಂದರೆ ಹೂವು ಹಣ್ಣು ಕೊಟ್ಟರಾಯಿತು. ಗೊಂಬೆ ಬಾಗಿನವನ್ನು ಗಂಡುಮಕ್ಕಳಿಗೂ ಕೊಡಬೇಕು. ಬೇಗ ಮುರಿದುಹೋಗುವ ಪ್ಲಾಸ್ಟಿಕ್ ಸಾಮಾನಿಗಿಂತ ಚನ್ನಪಟ್ಟಣದ ಒಂದು ಬುಗುರಿ ಒಳ್ಳೆಯದು. ತಮಗೆ 60 ಕಿಲೋಮೀಟರ್ ದೂರ, ಒಂದು ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಬನ್ನಿ.

ಸಿದ್ಧತೆಗೆ 15 ದಿನ ಬೇಕು. ಮೊದಲ ವಾರದಲ್ಲಿ ಕರೆಯುವುದು, ಬಾಗಿನ ತರುವುದು, ಮೆಟ್ಟಿಲಿನ ಸಾಮಗ್ರಿ ಹೊಂದಿಸುವುದು. ಹತ್ತು ದಿನವಿರುವಾಗ ರಾಗಿ ನೆನೆಸುವುದು. ಎರಡು ದಿನವಿರುವಾಗ ರವೆ ಉಂಡೆ ಕಟ್ಟುವುದು. ಹಿಂದಿನ ರಾತ್ರಿ ಕಡಲೆ ನೆನೆಹಾಕುವುದು. ಗೊಂಬೆ ಜೋಡಿಸುವ ಕೆಲಸವನ್ನು ಮನೆಯ ಮಕ್ಕಳ ಕೈಯಿಂದಲೇ ಮಾಡಿಸಿ. ಸಂಜೆ ಬಂದ ಗೆಳೆಯರಿಗೆ ಯಾವ ಗೊಂಬೆಯನ್ನು ಎತ್ತಿಕೊಳ್ಳಬಹುದೆಂದು ಅವರೇ ತೋರಿಸಿಕೊಡುತ್ತಾರೆ.

ಹಾಲಿನ ಉದ್ದ ಅಗಲ, ಬಾಗಿಲು ಮತ್ತು ಬಾಲ್ಕನಿ ಯಾವ ಗೋಡೆಯಲ್ಲಿವೆ ಎಂಬುದನ್ನು ಇಲ್ಲಿಯೇ ಬರೆದು ತಿಳಿಸಿದರೆ, ಮೆಟ್ಟಿಲನ್ನು ಯಾವ ಗೋಡೆಗೆ ಒರಗಿಸಬೇಕು, ಅಂಗಡಿಯ ಚಾಪೆಯನ್ನು ಎಲ್ಲಿ ಹಾಸಬೇಕು ಎಂದು ನಕ್ಷೆ ಬರೆದು ಕಳುಹಿಸುತ್ತೇನೆ.