ನಮ್ಮ ಕಡೆ ಯಾವ ಕಷ್ಟಕ್ಕೆ ಎಲ್ಲಿಗೆ ಹೋಗುತ್ತಾರೆ

ಶಿವಮೊಗ್ಗದ ಕಡೆ ಬಂದರೆ ಒಂದೇ ಸುತ್ತಿನಲ್ಲಿ ಎಲ್ಲ ಧರ್ಮದ ಕ್ಷೇತ್ರಗಳನ್ನೂ ನೋಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಬಹುದು. ನಾನು ಹೊಸನಗರ ತಾಲ್ಲೂಕಿನವನು. ಘಟ್ಟದ ಅಂಚು ನಮ್ಮದು, ಹುಲಿಕಲ್ ಇಳಿದರೆ ಕುಂದಾಪುರದ ಸೀಮೆ. ನಿಮ್ಮ ಹಾಗೆ ಹೊರಗಿನಿಂದ ಬರುವವರು ಇದು ಹಿಂದೂಗಳದ್ದು, ಇದು ಜೈನರದ್ದು, ಇದು ಮುಸಲ್ಮಾನರದ್ದು ಅಂತ ಪಟ್ಟಿ ಮಾಡಿಕೊಂಡು ಬರುತ್ತೀರಿ. ಊರಿನ ಜನ ಹಾಗೆ ಹೊರಡುವುದು ಕಡಿಮೆ. ಬಂದಿರುವ ಕಷ್ಟ ಏನು ಅಂತ ನೋಡಿ ದಾರಿ ಹಿಡಿಯುತ್ತಾರೆ.

ಅಂಗಳದಲ್ಲಿ ಒಣಹಾಕಿದ ಅಡಿಕೆ ಕಳುವಾಯಿತು ಅನ್ನಿ. ಮೊದಲು ನೆನಪಾಗುವುದೇ ಸಿಗಂದೂರು ಚೌಡೇಶ್ವರಿ. ನಮ್ಮ ತೋಟಗಳ ಬೇಲಿಯಲ್ಲಿ 'ಈ ತೋಟಕ್ಕೆ ಸಿಗಂದೂರು ದೇವಿಯ ಕಾವಲಿದೆ' ಅಂತ ಬೋರ್ಡ್ ನೋಡುತ್ತೀರಿ. ಸಿಸಿ ಕ್ಯಾಮೆರಾ ಹಾಕಿಸಿದವರೂ ಆ ಬೋರ್ಡ್ ತೆಗೆಯುವುದಿಲ್ಲ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಆ ಕಡೆಯ ಊರುಗಳು ಹಿನ್ನೀರಿನಾಚೆ ಉಳಿದುಬಿಟ್ಟವು. ದೇವಿಯನ್ನು ನೋಡಬೇಕಾದರೆ ಬಸ್ಸನ್ನೂ ಲಾಂಚ್ ಮೇಲೆ ಹತ್ತಿಸಿ ಶರಾವತಿ ದಾಟಬೇಕಿತ್ತು. 2025ರ ಜುಲೈನಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಆಯಿತು. ಪ್ರವಾಸಿಗಳಿಗೆ ಲಾಂಚ್ ಪ್ರಯಾಣವೇ ಮಜಾ ಆಗಿತ್ತು, ನಿಜ. ಆದರೆ ಹಿನ್ನೀರಿನಾಚೆಯ ತುಮರಿ ಕಡೆಯವರು ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಕರೆದುಕೊಂಡು ಹೊಳೆ ದಡದಲ್ಲಿ ಕಾಯುತ್ತಿದ್ದದ್ದು ಯಾರಿಗೂ ಮಜಾ ಆಗಿರಲಿಲ್ಲ. ಹಾಗಾಗಿ ಲಾಂಚ್ ಬಗ್ಗೆ ಯಾರಾದರೂ ಹಳಹಳಿಸಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಇನ್ನು ಹಣಗೆರೆಕಟ್ಟೆ. ತೀರ್ಥಹಳ್ಳಿ ತಾಲ್ಲೂಕು, ಸುತ್ತ ಕಾಡು. ಹಜರತ್ ಸೈಯದ್ ಸಾದತ್ ದರ್ಗಾ ಮತ್ತು ಭೂತರಾಯ, ಚೌಡೇಶ್ವರಿ ಎಲ್ಲಾ ಒಂದೇ ಸೂರಿನಡಿ. ಒಂದು ಕಡೆ ತೆಂಗಿನಕಾಯಿ ಒಡೆಯುತ್ತಾರೆ, ಇನ್ನೊಂದು ಕಡೆ ಸಕ್ಕರೆ ಓದಿಸುತ್ತಾರೆ. ಬಹಳ ಜನ ಎರಡನ್ನೂ ಮಾಡಿಸಿಯೇ ಹೊರಡುತ್ತಾರೆ. ಆಡಳಿತ ಮುಜರಾಯಿ ಇಲಾಖೆಯದ್ದು. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ, ಮಕ್ಕಳಾಗಿಲ್ಲ, ಕೋರ್ಟು ಕೇಸು ಮುಗಿಯುತ್ತಿಲ್ಲ, ಹೀಗೆ ಏನೇನೋ ಹೊತ್ತುಕೊಂಡು ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೂ ಜನ ಬರುತ್ತಾರೆ. ಹರಕೆಯ ಕೋಳಿ, ಕುರಿ ಕೊಯ್ದು ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ, ನೆಂಟರಿಗೆಲ್ಲ ಬಡಿಸಿಯೇ ಮನೆಗೆ ಹೋಗುವುದು. ಭಾಷಣ ಮಾಡುವವರು ಇದನ್ನು ಭಾವೈಕ್ಯ ಅಂತ ಹೊಗಳುತ್ತಾರೆ. ಒಲೆ ಊದುತ್ತಾ ಕೂತವರಿಗೆ ಆ ಯೋಚನೆ ಇರುವುದಿಲ್ಲ, ಹರಕೆ ತೀರಿದರೆ ಸಾಕು. ಅಮಾವಾಸ್ಯೆ ದಿನ ಮಾತ್ರ ಹೋಗಬೇಡಿ. ಕಾಲಿಡಲು ಜಾಗ ಇರುವುದಿಲ್ಲ, ಕಸದ ರಾಶಿ ಬೇರೆ. ಕಾಡಿನ ಮಧ್ಯೆ ಪ್ಲಾಸ್ಟಿಕ್ ಎಸೆದು ಹೋಗುವುದರಲ್ಲಿ ಮಾತ್ರ ಎಲ್ಲ ಧರ್ಮದವರೂ ನಿಜವಾಗಿ ಒಂದೇ.

ಹುಂಚ ಇದಕ್ಕೆ ಪೂರ್ತಿ ಬೇರೆ ತರಹ. ನಮ್ಮದೇ ತಾಲ್ಲೂಕು, ಸಾಂತರರು ಆಳಿದ ಊರು. ಪದ್ಮಾವತಿ ಅಮ್ಮನವರ ಬಸದಿ, ಲಕ್ಕಿ ಗಿಡ. ಉತ್ತರದ ಮಧುರೆಯಿಂದ ದೇವಿಯ ವಿಗ್ರಹ ಹೊತ್ತು ಬಂದ ಜಿನದತ್ತರಾಯ ಆ ಲಕ್ಕಿ ಗಿಡದ ನೆರಳಲ್ಲೇ ದಣಿವಾರಿಸಿಕೊಂಡ, ಅಲ್ಲೇ ಅಮ್ಮ ನೆಲೆ ನಿಂತಳು ಅನ್ನುತ್ತದೆ ಕಥೆ. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯನ್ನು ತಪ್ಪದೆ ನೋಡಿ. ಎದುರಿನ ಮಾನಸ್ತಂಭದ ಹತ್ತಿರ ಸುಮ್ನೆ ಸ್ವಲ್ಪ ಹೊತ್ತು ಕೂತರೂ ಚೆನ್ನ. ಜೈನರಲ್ಲದವರೂ ಅಮ್ಮನವರಿಗೆ ಹರಕೆ ಹೇಳಿಕೊಳ್ಳುತ್ತಾರೆ. ಹಣಗೆರೆಗೆ ಕೋಳಿ ಒಯ್ದವರೇ ಇಲ್ಲಿಗೆ ಬರುವಾಗ ಮಡಿಯಾಗಿ ಬರುತ್ತಾರೆ. ಎರಡು ಕಡೆಗೂ ಎರಡು ನಡವಳಿಕೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಶಿವಮೊಗ್ಗ ಪೇಟೆಯಲ್ಲಿ ಬಿ.ಎಚ್. ರಸ್ತೆಯ ದೊಡ್ಡ ಚರ್ಚು ಇದೆ, ಸೇಕ್ರೆಡ್ ಹಾರ್ಟ್. ಕ್ರಿಸ್‌ಮಸ್ ಬಂದರೆ ಗೋದಲಿ ನೋಡಲು ಎಲ್ಲರ ಮನೆ ಮಕ್ಕಳೂ ಹೋಗುತ್ತಾರೆ.

ಹಳೆಯ ಕಾಲದ್ದು ಬೇಕಾದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿ. ಅಲ್ಲಮಪ್ರಭು ಹುಟ್ಟಿದ ಊರು ಅನ್ನುತ್ತಾರೆ. ಅಕ್ಕಮಹಾದೇವಿಯ ಉಡುತಡಿಯೂ ಹತ್ತಿರವೇ. ಅಲ್ಲಿ ಜೈನ ಬಸದಿ, ಬೌದ್ಧ ವಿಹಾರ ಎಲ್ಲಾ ಇದ್ದವು. ಅಲ್ಲಿನ ಕೋಡಿಮಠ ಶೈವರದ್ದು. ಆದರೆ ಅಲ್ಲಿ ಬೌದ್ಧ ದರ್ಶನವೂ ಸೇರಿ ಬೇರೆ ಬೇರೆ ಮತಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಔಷಧ, ಹಸಿದವರಿಗೆ ಊಟ ಕೊಡುತ್ತಿದ್ದರು ಅಂತ 1162ರ ಶಾಸನ ಹೇಳುತ್ತದೆ. ನನಗೆ ಇಡೀ ಜಿಲ್ಲೆಯಲ್ಲಿ ಜಾಸ್ತಿ ಹೆಮ್ಮೆ ಇರುವುದು ಈ ಕಲ್ಲಿನ ಬಗ್ಗೆ.

ಎಲ್ಲಾ ಚೆಂದವೇ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ದತ್ತಪೀಠ ಹಿಂದೂಗಳದ್ದೋ ಮುಸಲ್ಮಾನರದ್ದೋ ಅನ್ನುವ ಜಗಳ ಕೋರ್ಟು ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಯಿತು, ನಿಮಗೂ ಗೊತ್ತಿರುತ್ತದೆ ಅಲ್ವಾ. ಶಿವಮೊಗ್ಗ ಪೇಟೆಯಲ್ಲೂ ಗಲಾಟೆ ಆಗಿ ನಿಷೇಧಾಜ್ಞೆ ಬಿದ್ದದ್ದುಂಟು. ಆ ದಿನಗಳಲ್ಲಿ ಬಸ್ಸು ಬರುತ್ತದೋ ಇಲ್ಲವೋ ಅಂತ ಹಳ್ಳಿಯವರು ಫೋನ್ ಮಾಡಿ ಕೇಳಿಕೊಂಡೇ ಹೊರಡುತ್ತಾರೆ.

ಮಳೆಗಾಲದಲ್ಲಿ ಬರಬೇಡಿ, ರಕ್ತ ಹೀರುವ ಉಂಬಳದ ಕಾಟ. ಸಂಕ್ರಾಂತಿಗೆ ಸಿಗಂದೂರಿನಲ್ಲಿ ಜಾತ್ರೆ, ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ರಾಮೇಶ್ವರ ಜಾತ್ರೆ, ಜನ ತುಂಗೆಯಲ್ಲಿ ಮುಳುಗು ಹಾಕುವುದನ್ನು ನೋಡಬಹುದು. ಹುಂಚಕ್ಕೆ ಬೆಳಿಗ್ಗೆಯೇ ಹೋಗಿಬನ್ನಿ. ಸ್ವಂತ ಗಾಡಿ ಇದ್ದರೆ ಒಳ್ಳೆಯದು, ಕತ್ತಲಾದ ಮೇಲೆ ನಮ್ಮ ಕಡೆ ಬಸ್ಸು ನಂಬಿಕೊಂಡು ಕೂರಬಾರದು.