ಐನ್‌ಮನೆಯ ಗೋಡೆ ದಾಟದ ವೈಫೈ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಹಳೆಯ ಐನ್‌ಮನೆ, ಅಂದರೆ ಕುಟುಂಬದ ಮೂಲಮನೆ. ಹೋದ ವರ್ಷ ಫೈಬರ್ ಬಂತು. ನೂರು ಎಂಬಿಪಿಎಸ್ ಪ್ಲಾನ್. ಲೈನ್‌ಮ್ಯಾನ್ ಬಂದು ಮುಂದಿನ ಆಫೀಸ್ ರೂಮಿನಲ್ಲಿ, ಮೀಟರ್ ಬೋರ್ಡ್ ಪಕ್ಕ ಬಾಕ್ಸ್ ಹೊಡೆದು ಹೋದರು. ಆ ರೂಮಿನಲ್ಲಿ ನೆಟ್ ಚೆನ್ನಾಗಿದೆ. ನಡುಮನೆಗೆ ಬಂದರೆ ಒಂದು ಕಡ್ಡಿ, ಅಡುಗೆಮನೆಯಲ್ಲಿ ಅದೂ ಇಲ್ಲ. ಬೆಂಗಳೂರಿನಲ್ಲಿರುವ ಮಗ ಮಳೆಗಾಲದಲ್ಲಿ ಇಲ್ಲೇ ಬಂದು ಕೆಲಸ ಮಾಡುತ್ತೇನೆ ಅನ್ನುತ್ತಿದ್ದಾನೆ. ಅದಕ್ಕೇ ನಾಲ್ಕು ಆಂಟೆನಾದ ಹೊಸ ರೂಟರ್ ತರಿಸಿದ್ದೇನೆ. ಅದನ್ನು ಸೆಟ್ ಮಾಡುವುದು ಹೇಗೆ? ಕಾಫಿ ಕಣದ ಶೆಡ್ಡಿಗೂ ಸಿಗ್ನಲ್ ಬೇಕು. ಪ್ಲಾನ್ ಜಾಸ್ತಿ ಮಾಡಿಸಬೇಕೇ?

ಉತ್ತರ: ಪ್ಲಾನ್ ಜಾಸ್ತಿ ಮಾಡಿಸಬೇಡಿ. ಬಾಕ್ಸ್ ಇರುವ ರೂಮಿನಲ್ಲಿ ನೆಟ್ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಅಂದರೆ ಮನೆಬಾಗಿಲವರೆಗೆ ಬರಬೇಕಾದ್ದು ಬರುತ್ತಿದೆ. ಒಳಗೆ ಹಂಚಿಕೆ ಆಗುತ್ತಿಲ್ಲ ಅಷ್ಟೆ. ನೂರರ ಬದಲು ಇನ್ನೂರು ತಂದರೂ ಅದು ಅದೇ ಗೋಡೆಗೆ ಬಡಿದು ನಿಲ್ಲುತ್ತದೆ. ಅನುಮಾನ ಇದ್ದರೆ ಒಂದು ಲ್ಯಾನ್ ಕೇಬಲ್ ತಗೊಂಡು ಲ್ಯಾಪ್‌ಟಾಪನ್ನು ನೇರವಾಗಿ ಬಾಕ್ಸ್‌ಗೆ ಚುಚ್ಚಿ, ಸ್ಪೀಡ್ ನೋಡಿ. ತೊಂಬತ್ತರ ಮೇಲೆ ತೋರಿಸಿದರೆ ಲೈನ್‌ಮ್ಯಾನ್‌ಗೆ ಫೋನ್ ಮಾಡುವ ಅಗತ್ಯವಿಲ್ಲ.

ತಂಟೆ ಇರುವುದು ಗೋಡೆಯಲ್ಲಿ. ಹಳೆಯ ಮನೆಗಳ ಮಣ್ಣಿನ ಗೋಡೆ, ಕಲ್ಲಿನ ಗೋಡೆ ಒಂದು ಮೊಳ ದಪ್ಪ ಇರುವುದುಂಟು. ಆಟಿಯ ಮಳೆಯಲ್ಲಿ ತೇವ ಬೇರೆ ಹೀರಿಕೊಂಡಿರುತ್ತದೆ. ವೈಫೈ ಅಲೆಗೆ ನೀರು ಕಂಡರೆ ಆಗುವುದಿಲ್ಲ, ಅಲ್ಲೇ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಸಿಗುತ್ತಿದ್ದ ಒಂದು ಕಡ್ಡಿ ಜುಲೈನಲ್ಲಿ ಮಾಯವಾದರೆ ಆಶ್ಚರ್ಯಪಡಬೇಡಿ.

ನಿಮ್ಮ ರೂಟರ್ ಎರಡು ಬಗೆಯ ಸಿಗ್ನಲ್ ಬಿಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮದುವೆ ಮನೆಯ ವಾಲಗವನ್ನು ದೂರದ ತೋಟದಲ್ಲಿ ನಿಂತು ಕೇಳಿದ್ದೀರಲ್ವಾ? ಡೋಲಿನ ದಪ್ಪ ಸದ್ದು ಕೇಳುತ್ತದೆ, ಮೈಕಿನಲ್ಲಿ ಯಾರೋ ಮಾತಾಡುತ್ತಿದ್ದರೆ ಏನು ಅಂತ ತಿಳಿಯುವುದಿಲ್ಲ. 2.4 ಎಂಬುದು ಡೋಲು. ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ, ವೇಗ ಕಡಿಮೆ. 5 ಎಂಬುದು ಮಾತು. ಹತ್ತಿರದಲ್ಲಿ ಬಹಳ ಚುರುಕು, ನಿಮ್ಮ ಮನೆಯ ಒಂದು ಗೋಡೆ ಅಡ್ಡ ಬಂದರೆ ಮುಗಿಯಿತು.

ನಾಲ್ಕು ಆಂಟೆನಾ ಇದ್ದ ಮಾತ್ರಕ್ಕೆ ಇದು ಬದಲಾಗುವುದಿಲ್ಲ. ಯಾವ ಕಂಪನಿಯ ರೂಟರ್ ಆದರೂ ಸರ್ಕಾರ ಹಾಕಿದ ಮಿತಿಯೊಳಗೇ ಸಿಗ್ನಲ್ ಬಿಡಬೇಕು. ಅದು ಕೂಗಿದರೆ ಸಾಕೇ? ಅಡುಗೆಮನೆಯಲ್ಲಿರುವ ಫೋನ್ ತಿರುಗಿ ಉತ್ತರ ಕೊಡಬೇಕು, ಅದರ ಗಂಟಲು ಇನ್ನೂ ಸಣ್ಣದು. ದುಡ್ಡು ಕೊಟ್ಟು ತಂದಾಗಿದೆ, ಇರಲಿ. ಅದನ್ನು ಸರಿಯಾದ ಜಾಗದಲ್ಲಿ ಕೂರಿಸೋಣ.

ಆಫೀಸ್ ರೂಮಿನ ಬಾಕ್ಸ್ ಅಲ್ಲೇ ಇರಲಿ. ಅಲ್ಲಿಂದ ನಡುಮನೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಕ್ಯಾಟ್-6 ಎಂದು ಕೇಳಿ, ಒಳಗಿನ ತಂತಿ ಪೂರ್ತಿ ತಾಮ್ರದ್ದೇ ಎಂದು ಖಚಿತ ಮಾಡಿಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದ ಅಗ್ಗದ ಮಾಲೂ ಸಿಗುತ್ತದೆ, ಬೇಡ. ಒಂದೇ ಎಳೆಯಲ್ಲಿ ನೂರು ಮೀಟರ್‌ವರೆಗೆ ತೊಂದರೆಯಿಲ್ಲ. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಅಟ್ಟದ ಮೇಲಿಂದ ತನ್ನಿ, ಪಿವಿಸಿ ಪೈಪಿನೊಳಗೆ ಹಾಕಿ. ಇಲಿಗಳಿಗೆ ಕೇಬಲ್ ಎಂದರೆ ಏನೋ ಪ್ರೀತಿ.

ಹೊಸ ರೂಟರ್ ನಡುಮನೆಯಲ್ಲಿ ತಲೆಯೆತ್ತರದ ಜಾಗದಲ್ಲಿ ಬಯಲಾಗಿ ಇರಲಿ. ಚೆಂದ ಕಾಣಲ್ಲ ಅಂತ ಶೋಕೇಸ್ ಒಳಗೆ, ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಬೆನ್ನಿಗೆ ಬಚ್ಚಿಡಬೇಡಿ. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿ. ಸಿಗ್ನಲ್ ಹೊರಡುವುದು ಆಂಟೆನಾದ ತುದಿಯಿಂದ ಅಲ್ಲ, ಪಕ್ಕಗಳಿಂದ. ಅಡುಗೆಮನೆಯ ಕಡೆಗೆ ಬೆರಳು ತೋರಿಸಿದ ಹಾಗೆ ಬಗ್ಗಿಸಿದರೆ ಅಡುಗೆಮನೆಗೇ ಕಡಿಮೆ ಸಿಗುತ್ತದೆ.

ಇನ್ನು ಸೆಟ್ಟಿಂಗ್. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಫೈಬರ್ ಬಾಕ್ಸ್ ಈಗಾಗಲೇ ರೂಟರ್ ಕೆಲಸವನ್ನೂ ಮಾಡುತ್ತಿದೆ. ಅದರ ಹಿಂದೆ ಇನ್ನೊಂದು ರೂಟರ್ ಇಟ್ಟರೆ, ಒಂದೇ ಎಸ್ಟೇಟಿಗೆ ಎರಡು ಗೇಟ್, ಎರಡೂ ಕಡೆ ವಾಚ್‌ಮನ್ ಇದ್ದ ಹಾಗೆ. ಯೂಟ್ಯೂಬ್ ನೋಡಲು ಅಡ್ಡಿಯಿಲ್ಲ. ಮಗನನ್ನು ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್, ಹೊರಗಿನಿಂದ ನೋಡುವ ಕ್ಯಾಮೆರಾ ಕೆಲವೊಮ್ಮೆ ಹಟ ಹಿಡಿಯುತ್ತವೆ. ಬಾಕ್ಸಿನ ವೈಫೈನಲ್ಲಿರುವ ಪ್ರಿಂಟರ್ ರೂಟರ್ ಕಡೆಯ ಲ್ಯಾಪ್‌ಟಾಪಿಗೆ ಕಾಣದೇ ಹೋಗಬಹುದು. ಹಾಗಾಗಿ ಹೊಸ ರೂಟರನ್ನು ‘ಆಕ್ಸೆಸ್ ಪಾಯಿಂಟ್ ಮೋಡ್’ನಲ್ಲಿ ಹಾಕಿ. ಆಗ ಅದು ವಾಚ್‌ಮನ್ ಕೆಲಸ ಬಿಟ್ಟು ಬರೀ ಸಿಗ್ನಲ್ ಹಂಚುತ್ತದೆ. ಬಾಕ್ಸನ್ನು ಬ್ರಿಡ್ಜ್ ಮಾಡಿ, ಅಂದರೆ ಅದರ ರೂಟರ್ ಕೆಲಸ ನಿಲ್ಲಿಸಿ, ಕಂಪನಿಯ ಲಾಗಿನ್ ಆದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಹೊಸ ರೂಟರಿಗೆ ಹಾಕುವ ದಾರಿಯೂ ಇದೆ. ಅದಕ್ಕೆ ಕಂಪನಿಯವರಿಂದ ವಿಲ್ಯಾನ್ ಎಂಬ ಲೈನಿನ ಗುರುತಿನ ನಂಬರ್ ಕೇಳಬೇಕು, ಅವರು ನಾಳೆ ಹೇಳುತ್ತೇವೆ ಅನ್ನಬೇಕು. ನಿಮಗೆ ಆ ತಲೆನೋವು ಬೇಡ.

ಕೆಲಸ ಶುರು ಮಾಡುವ ಮೊದಲು ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಯಾರೂ ಹೇಳುವುದಿಲ್ಲ, ಅರ್ಧ ಗಂಟೆ ಇದರಲ್ಲೇ ಹೋಗುತ್ತದೆ. ಹೊಸ ರೂಟರಿನಲ್ಲಿ ಇನ್ನೂ ನೆಟ್ ಇರುವುದಿಲ್ಲ, ಫೋನ್ ಸುಮ್ನೆ ಅದನ್ನು ಬಿಟ್ಟು ಮೊಬೈಲ್ ಡೇಟಾಕ್ಕೆ ಜಿಗಿದುಬಿಡುತ್ತದೆ, ಸೆಟ್ಟಿಂಗ್ ಪೇಜ್ ತೆರೆಯುವುದೇ ಇಲ್ಲ. ರೂಟರಿನ ಹೊಟ್ಟೆಯ ಮೇಲಿನ ಚೀಟಿಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್, ಒಂದು ವಿಳಾಸ ಇರುತ್ತದೆ, 192.168.0.1 ಅಥವಾ 192.168.1.1 ಎಂಬಂಥದ್ದು. ಆ ವೈಫೈಗೆ ಸೇರಿಕೊಂಡು ಬ್ರೌಸರಿನಲ್ಲಿ ಆ ವಿಳಾಸ ಹೊಡೆಯಿರಿ.

ಒಳಗೆ ಹೋದ ತಕ್ಷಣ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಸೆಟ್ಟಿಂಗ್ ಪೇಜಿನ ಬೀಗ. ಫರ್ಮ್‌ವೇರ್, ಅಂದರೆ ರೂಟರಿನೊಳಗಿನ ಸಾಫ್ಟ್‌ವೇರ್, ಅದಕ್ಕೆ ಅಪ್‌ಡೇಟ್ ಇದ್ದರೆ ಕೊನೆಗೆ ಕೇಬಲ್ ಚುಚ್ಚಿ ನೆಟ್ ಬಂದಮೇಲೆ ಮಾಡಿ, ಆ ಹೊತ್ತಿಗೆ ಕರೆಂಟ್ ಹೋಗದ ದಿನ ನೋಡಿಕೊಳ್ಳಿ. ಸೆಕ್ಯೂರಿಟಿಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿಯೋ ಪಿನ್ ಹಾಕಿಯೋ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ. ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಆಫೀಸ್ ರೂಮಿನ ಬಾಕ್ಸಿನಲ್ಲಿ ಇರುವಂತೆಯೇ, ಅಕ್ಷರ ತಪ್ಪದೆ ಇಡಿ. ಆಗ ನೀವು ಓಡಾಡಿದ ಹಾಗೆ ಫೋನ್ ತಾನೇ ಬದಲಾಗುತ್ತದೆ. ಕೊನೆಗೆ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ, ರೂಟರ್ ಆಫ್ ಆಗಿ ಆನ್ ಆದಮೇಲೆ ಬಾಕ್ಸಿನಿಂದ ಬಂದ ಕೇಬಲನ್ನು ಅದರ ಹಿಂದೆ ವ್ಯಾನ್ (WAN) ಎಂದು ಬರೆದ ಪೋರ್ಟಿಗೆ ಚುಚ್ಚಿ.

ಚಾನೆಲ್, ಅಂದರೆ ಸಿಗ್ನಲ್ ಸಾಗುವ ಓಣಿ, ಅದರ ಬಗ್ಗೆ ಒಂದು ಮಾತು. ಮಡಿಕೇರಿ ಪೇಟೆಯಲ್ಲೋ ಕುಶಾಲನಗರದಲ್ಲೋ ಪಕ್ಕಪಕ್ಕ ಮನೆ ಇರುವವರು 2.4ರಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಬೇಕು. ಆ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ನಿಮ್ಮ ಪಕ್ಕದ ಮನೆ ಇರುವುದು ಎರಡು ತೋಟದಾಚೆ. ನಿಮ್ಮದೇ ಬಾಕ್ಸನ್ನು 1ರಲ್ಲಿ, ರೂಟರನ್ನು 11ರಲ್ಲಿ ಇಟ್ಟರೆ ಆಯಿತು.

ಈಗ ಕಣದ ಶೆಡ್. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಾನೇ ಪೆಟ್ಟು ತಿಂದಿದ್ದೇನೆ. ನಮ್ಮ ಮನೆಯಿಂದ ಶೆಡ್ಡಿಗೆ ಅರವತ್ತು ಮೀಟರ್ ಇರಬಹುದು. ಲ್ಯಾನ್ ಕೇಬಲನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಗಾಳಿಯಲ್ಲೇ ಎಳೆಸಿದ್ದೆ. ಬಹಳ ಜಾಣತನ ಮಾಡಿದೆ ಅಂತ ಹೆಮ್ಮೆ ಬೇರೆ. ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಗುಡುಗು ಶುರುವಾದಾಗ ಎಲ್ಲ ಪ್ಲಗ್ ಕಿತ್ತಿಟ್ಟೆ. ಆದರೂ ಒಂದು ಸಿಡಿಲಿಗೆ ರೂಟರ್, ಫೈಬರ್ ಬಾಕ್ಸ್, ಶೆಡ್ಡಿನ ಕ್ಯಾಮೆರಾ ಮೂರೂ ಹೋದವು. ಕರೆಂಟಿನ ಪ್ಲಗ್ ಕಿತ್ತಿದ್ದೆ, ಲ್ಯಾನ್ ಕೇಬಲ್ ಕಿತ್ತಿರಲಿಲ್ಲ. ಸಿಡಿಲು ಹತ್ತಿರ ಎಲ್ಲೋ ಬಿದ್ದರೂ ಸಾಕು, ಬಯಲಲ್ಲಿರುವ ಉದ್ದ ತಾಮ್ರದ ತಂತಿಯಲ್ಲಿ ಒಮ್ಮೆಲೇ ವೋಲ್ಟೇಜ್ ಏರುತ್ತದೆ. ಅದು ಕರೆಂಟಿನ ದಾರಿಯಲ್ಲೇ ಬರಬೇಕೆಂದಿಲ್ಲ.

ಹಾಗಾಗಿ ಮನೆಯಿಂದ ಹೊರಗೆ ತಾಮ್ರ ಬೇಡ. ಅಲ್ಲಿಗೂ ಫೈಬರ್ ಎಳೆಸಿ, ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಡಬ್ಬಿ ಹಾಕಿಸಿ. ಫೈಬರ್ ಎಂದರೆ ಗಾಜು, ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಹರಿಯುವುದಿಲ್ಲ. ಆದರೆ ತೂಗುಹಾಕುವ ಫೈಬರಿನ ಪಕ್ಕದಲ್ಲಿ ಉಕ್ಕಿನ ಎಳೆ ಇರುತ್ತದೆ, ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಬಿಗಿಯಾಗಿ ಮಡಚಬೇಡಿ, ಬೆಳಕು ಸೋರಿಹೋಗಿ ನೆಟ್ ನಿಲ್ಲುತ್ತದೆ. ಬಾಕ್ಸಿನಲ್ಲಿ ‘ಲಾಸ್’ ದೀಪ ಕೆಂಪಗೆ ಉರಿದರೆ ಲೈನಿನಲ್ಲಿ ಬೆಳಕು ಬರುತ್ತಿಲ್ಲ ಎಂದೇ ಅರ್ಥ. ಮರ ಬಿದ್ದು ಕೇಬಲ್ ಹರಿದಿರಬಹುದು. ಆಗ ರೂಟರನ್ನು ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ. ತುದಿ ಬಿಚ್ಚಿ ಕಣ್ಣಿಗೆ ಹಿಡಿದು ಮಾತ್ರ ನೋಡಬೇಡಿ. ಅದರೊಳಗಿನ ಲೇಸರ್ ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ.

ಮಗನ ಕೆಲಸಕ್ಕೆ ಕರೆಂಟಿನ ವ್ಯವಸ್ಥೆಯೂ ಬೇಕು. ಕರೆಂಟ್ ಹೋದರೂ ಫೈಬರ್ ನಡೆಯಬಹುದು, ಏಕೆಂದರೆ ದಾರಿಯಲ್ಲಿ ಒಂದು ಫೈಬರಿನ ಬೆಳಕನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರ್‌ಗಳಿಗೆ ಕರೆಂಟೇ ಬೇಡ. ಆ ತುದಿಯಲ್ಲಿ ಕಂಪನಿಯವರ ಬ್ಯಾಟರಿ ಗಟ್ಟಿಯಾಗಿದ್ದು, ಈ ತುದಿಯಲ್ಲಿ ನಿಮ್ಮ ಫೈಬರ್ ಬಾಕ್ಸ್, ರೂಟರ್ ಎರಡಕ್ಕೂ ಕರೆಂಟ್ ಇದ್ದರೆ ಸಾಕು. ಇನ್ವರ್ಟರ್ ಇದ್ದರೆ ಆ ಲೈನಿಗೆ ಹಾಕಿ. ಇಲ್ಲದಿದ್ದರೆ ರೂಟರ್ ಯುಪಿಎಸ್ ಎಂದು ಸಣ್ಣದು ಸಿಗುತ್ತದೆ, ಎರಡು ತಗೊಳ್ಳಿ. ಕೊಳ್ಳುವಾಗ ಹಳೆಯ ಅಡಾಪ್ಟರ್ ಜೇಬಲ್ಲಿರಲಿ. ಅದರ ಮೇಲಿನ ವೋಲ್ಟ್ ಸರಿಯಾಗಿ ಹೊಂದಬೇಕು. 9 ವೋಲ್ಟಿನದಕ್ಕೆ 12 ಕೊಟ್ಟರೆ ಸುಟ್ಟುಹೋದೀತು. ಆಂಪಿಯರ್ ಜಾಸ್ತಿ ಇದ್ದರೆ ಪರವಾಗಿಲ್ಲ, ಕಡಿಮೆ ಇರಬಾರದು.

ಇಷ್ಟಾದ ಮೇಲೂ ಅಡುಗೆಮನೆಗೆ ಬರದಿದ್ದರೆ ಆಫೀಸ್ ರೂಮಿನ ಬಾಕ್ಸಿನಿಂದ ಇನ್ನೊಂದು ಕೇಬಲ್, ಇನ್ನೊಂದು ಸಾದಾ ರೂಟರ್. ಬಂದ ವೈಫೈ ಸಿಗ್ನಲನ್ನೇ ಹಿಡಿದು ಮತ್ತೆ ಬಿಡುವ ರಿಪೀಟರ್ ತಗೊಳ್ಳಲು ಅಂಗಡಿಯವರು ಹೇಳುತ್ತಾರೆ. ಸಿಗ್ನಲ್ ಇಲ್ಲದ ಅಡುಗೆಮನೆಯಲ್ಲೇ ಅದನ್ನು ಇಟ್ಟರೆ ಅದು ಏನನ್ನು ರಿಪೀಟ್ ಮಾಡಬೇಕು?

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ಗೆಸ್ಟ್‌ಗಳು ಬಂದ ಕೂಡಲೇ ಕಾಫಿಗಿಂತ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಸಿಸಿಟಿವಿ, ಬಿಲ್ಲಿಂಗ್ ಕಂಪ್ಯೂಟರ್ ಎಲ್ಲ ಅದೇ ವೈಫೈನಲ್ಲಿದೆ. ಏನೂ ಆಗಲ್ಲವಾ?

ಉತ್ತರ: ಇಷ್ಟು ದಿನ ಆಗದೇ ಇದ್ದದ್ದು ನಿಮ್ಮ ಅದೃಷ್ಟ. ಅಪರಿಚಿತರಿಗೆ ಮುಂದಿನ ಬಾಗಿಲಿನ ಕೀಲಿಯ ಜೊತೆ ಬೀರುವಿನದನ್ನೂ ಕೊಟ್ಟಂತಾಗಿದೆ. ರೂಟರಿನ ಸೆಟ್ಟಿಂಗಿನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇರುತ್ತದೆ, ಇವತ್ತೇ ಆನ್ ಮಾಡಿ. ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಗೆಸ್ಟ್‌ಗಳಿಗೆ ಮನೆಯ ಸಾಧನಗಳು ಕಾಣದಂತೆ ಮಾಡುವ ಆಯ್ಕೆಯನ್ನೂ ಒತ್ತಿ. ನಾಪೋಕ್ಲಿನವರಿಗೆ ಹೇಳಿದ ಆಕ್ಸೆಸ್ ಪಾಯಿಂಟ್ ಮೋಡನ್ನು ನೀವು ಹಾಗೇ ಮಾಡಬೇಡಿ. ಆ ಮೋಡ್‌ನಲ್ಲಿ ಕೆಲವು ರೂಟರ್‌ಗಳ ಗೆಸ್ಟ್ ಬೇಲಿ ಕೆಲಸ ಮಾಡುವುದಿಲ್ಲ. ಗೆಸ್ಟ್ ವೈಫೈಗೆ ಸೇರಿ ಕ್ಯಾಮೆರಾ ತೆರೆಯುತ್ತದೆಯೇ ಅಂತ ನೀವೇ ಒಮ್ಮೆ ನೋಡಿಬಿಡಿ.

ಸ್ಪೀಡಿಗೆ ಮಿತಿ ಹಾಕುವ ಸೌಲಭ್ಯ ಇದ್ದರೆ ಹಾಕಿ. ಇಲ್ಲದಿದ್ದರೆ ಒಂದು ರೂಮಿನವರ ಕ್ರಿಕೆಟ್ ಮ್ಯಾಚು ನಿಮ್ಮ ಬಿಲ್ಲಿಂಗ್ ನಿಲ್ಲಿಸುತ್ತದೆ. ಪಾಸ್‌ವರ್ಡನ್ನು ಆಗಾಗ ಬದಲಿಸಿ, ಕ್ಯೂಆರ್ ಕೋಡ್ ಮಾಡಿ ರೂಮಿನಲ್ಲಿ ಅಂಟಿಸಿ. ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ, ಆ ವೈಫೈನಲ್ಲಿ ಯಾರಾದರೂ ಕಿತಾಪತಿ ಮಾಡಿದರೆ ಮೊದಲು ಫೋನ್ ಬರುವುದು ನಿಮಗೇ. ಉಳಿದುಕೊಂಡವರ ರಿಜಿಸ್ಟರ್ ಸರಿಯಾಗಿರಲಿ.

ಪ್ರಶ್ನೆ: ಭಾಗಮಂಡಲ ಕಡೆಯವಳು. ನಮ್ಮಲ್ಲಿಗೆ ಫೈಬರ್ ಬಂದಿಲ್ಲ. ಮಹಡಿಯ ಮೇಲೆ ಹಲಸಿನ ಮರದ ಕಡೆಯ ಮೂಲೆಯಲ್ಲಿ ನಿಂತರೆ ಮಾತ್ರ ಎರಡು ಕಡ್ಡಿ ಸಿಗ್ನಲ್. ಸಿಮ್ ಹಾಕುವ ರೂಟರ್ ತಗೊಂಡರೆ ಮಗಳ ಆನ್‌ಲೈನ್ ಕ್ಲಾಸ್ ನಡೆಯುತ್ತದೆಯೇ?

ಉತ್ತರ: ನಡೆಯಬಹುದು, ಆದರೆ ಕೊಳ್ಳುವ ಮೊದಲು ಒಂದು ಸಂಜೆ ಖರ್ಚು ಮಾಡಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರನ್ನು ಕರೆದು ಆ ಮೂಲೆಯಲ್ಲೇ ನಿಲ್ಲಿಸಿ. ಕಡ್ಡಿ ಲೆಕ್ಕ ಹಾಕಬೇಡಿ, ಅದು ಫೋನಿನಿಂದ ಫೋನಿಗೆ ಬೇರೆ. ಸೆಟ್ಟಿಂಗಿನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ಬಲ ತೋರಿಸುವ ಡಿಬಿಎಂ ಎಂಬ ಅಂಕಿ ಇರುತ್ತದೆ, ಮೈನಸ್‌ನಲ್ಲಿ. ಮೈನಸ್ ಮುಂದಿನ ಅಂಕಿ ಸಣ್ಣದಾದಷ್ಟೂ ಸಿಗ್ನಲ್ ಗಟ್ಟಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 110 ದಾಟಿದರೆ ಕಷ್ಟ. ಯಾರದ್ದು ಚೆನ್ನಾಗಿದೆಯೋ ಆ ಸಿಮ್ ತಗೊಳ್ಳಿ. ಅಲ್ಲೇ ಸ್ಪೀಡನ್ನೂ ನೋಡಿ, ಸಂಜೆ ಎಂಟರ ಹೊತ್ತಿಗೆ. ಬೆಳಗ್ಗೆ ಟವರ್ ಖಾಲಿ ಇರುತ್ತದೆ, ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ.

ರೂಟರ್ ಕೊಳ್ಳುವಾಗ ಹೊರಗಿನ ಆಂಟೆನಾ ಸಿಕ್ಕಿಸುವ ಎರಡು ತೂತು ಇರುವುದನ್ನೇ ಕೇಳಿ. ಆಂಟೆನಾವನ್ನು ಮಹಡಿಯ ಆ ಮೂಲೆಯಲ್ಲಿ ಟವರ್ ಕಡೆ ಮುಖ ಮಾಡಿ ಕಟ್ಟಿ. ಆಂಟೆನಾದ ವೈರ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ, ಆದ್ದರಿಂದ ರೂಟರನ್ನು ಮಹಡಿಯ ರೂಮಿನಲ್ಲೇ ಇಟ್ಟು, ಕೆಳಗೆ ಮಗಳು ಕೂರುವ ಜಾಗಕ್ಕೆ ಲ್ಯಾನ್ ಕೇಬಲ್ ಇಳಿಸಿ. ಆಂಟೆನಾಕ್ಕೂ ಟವರಿಗೂ ನಡುವೆ ಹಲಸಿನ ಮರ ಅಡ್ಡ ಬರದಂತೆ ನೋಡಿಕೊಳ್ಳಿ, ಒದ್ದೆ ಎಲೆಯೂ ಗೋಡೆಯ ಹಾಗೆಯೇ. ಗುಡುಗುವ ಮೊದಲು ಪ್ಲಗ್ಗನ್ನೂ ಆಂಟೆನಾದ ವೈರನ್ನೂ ಕಿತ್ತಿಡಿ. ಗುಡುಗು ಹತ್ತಿರ ಬಂದಮೇಲೆ ಅದನ್ನು ಮುಟ್ಟಲು ಮಾತ್ರ ಹೋಗಬೇಡಿ.