ಸೌರ ಬಿರುಗಾಳಿ ಬರುತ್ತೆ ಅಂತ ಹೇಳ್ತಾರೆ, ಆಮೇಲೆ ಏನೂ ಆಗಲ್ಲ. ಯಾಕೆ?

ವಿರಾಜಪೇಟೆಯಿಂದ ಕೇಳಿದ್ದೀರಿ. ಲೆಕ್ಕ ಯಾಕೆ ತಪ್ಪುತ್ತದೆ, ನಮ್ಮ ಕೊಡಗಿನಲ್ಲಿ ಕರೆಂಟ್ ಹೋಗುತ್ತದಾ ಅಂತಲೂ ಕೇಳಿದ್ದೀರಿ. ನಾನು ಮಡಿಕೇರಿಯವಳು, ಸೌರ ಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಹರಿಯುವ ಕಣಗಳ, ಕಂಪ್ಯೂಟರ್ ಮಾದರಿಗಳ ಮೇಲೆ ಕೆಲಸ ಮಾಡುತ್ತೇನೆ.

ಸೂರ್ಯನಿಂದ ಪ್ಲಾಸ್ಮಾದ (ವಿದ್ಯುತ್ ಕಣಗಳ ಬಿಸಿ ಅನಿಲದ) ಮೋಡ ಸಿಡಿದರೆ ಕೊರೊನಾಗ್ರಾಫ್, ಅಂದರೆ ಸೂರ್ಯನ ಬಿಂಬ ಮರೆಮಾಡಿ ಸುತ್ತಲಿನದನ್ನು ತೋರಿಸುವ ದೂರದರ್ಶಕದ ಚಿತ್ರಗಳಲ್ಲಿ ಕಾಣುತ್ತದೆ. ಅದರ ವೇಗ, ಅಗಲ, ದಿಕ್ಕು ಅಳೆದು ಎನ್‌ಲಿಲ್‌ನಂಥ ಕಂಪ್ಯೂಟರ್ ಮಾದರಿಗೆ ಕೊಡುತ್ತೇವೆ, ಮೋಡ ಭೂಮಿಗೆ ಯಾವಾಗ ಬರುತ್ತದೆ ಅಂತ ಅದು ಲೆಕ್ಕ ಹಾಕುತ್ತದೆ. ದಾರಿಯಲ್ಲಿ ಸೌರ ಮಾರುತ ಬೀಸುತ್ತಲೇ ಇರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 400 ಕಿ.ಮೀ. ಆಸುಪಾಸು. ವೇಗದ ಮೋಡ ಅದಕ್ಕೆ ಗುದ್ದಿ ನಿಧಾನವಾಗುತ್ತದೆ. ಮುಂಚೆಯೇ ಇನ್ನೊಂದು ಮೋಡ ಹೋಗಿ ದಾರಿ ತೆರವಾಗಿದ್ದರೆ ಅಷ್ಟು ನಿಧಾನ ಆಗುವುದಿಲ್ಲ. ಹಾಗಾಗಿ ಬರುವ ಹೊತ್ತಿನ ಲೆಕ್ಕದಲ್ಲಿ ಹತ್ತು ಹನ್ನೆರಡು ಗಂಟೆ ಹೆಚ್ಚುಕಮ್ಮಿ ಮಾಮೂಲಿ.

ಅದಾದರೂ ಪರವಾಗಿಲ್ಲ. ಅಸಲಿ ತೊಡಕು ಮೋಡದೊಳಗಿನ ಕಾಂತಕ್ಷೇತ್ರದ್ದು. ಅದು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಳ್ಳುತ್ತದೆ, ಶಕ್ತಿ ಒಳಗೆ ನುಗ್ಗುತ್ತದೆ. ಉತ್ತರಕ್ಕಿದ್ದರೆ ದೊಡ್ಡ ಮೋಡವೂ ಬಹುಮಟ್ಟಿಗೆ ಸುಮ್ನೆ ಹಾದುಹೋಗುತ್ತದೆ. ಟಿವಿ ನೋಡಿದವರಿಗೆ 'ಏನೂ ಆಗಲಿಲ್ಲ' ಅನ್ನಿಸುವುದು ಎಷ್ಟೋ ಸಲ ಇದರಿಂದಲೇ. ಕಾಂತಕ್ಷೇತ್ರದ ಈ ದಿಕ್ಕು ಚಿತ್ರದಲ್ಲಿ ಕಾಣುವುದಿಲ್ಲ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಅನ್ನುವ ಬಿಂದುವಿನಲ್ಲಿರುವ ನೌಕೆಗೆ ಮೋಡ ತಾಗಿದಾಗಲೇ ಖಚಿತ. ಮೇಲೆ ಭಾಗಮಂಡಲದಲ್ಲಿ ಕಾವೇರಿ ನೀರು ಏರಿತು ಅಂದ ಕೂಡಲೇ ಕೆಳಗೆ ಹೊಳೆ ದಂಡೆಯ ಕರಡಿಗೋಡಿನವರು ಸಾಮಾನು ಕಟ್ಟುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಸಿಗುವುದು 15ರಿಂದ 60 ನಿಮಿಷ ಅಷ್ಟೇ. 2024ರ ಜನವರಿ 6ರಂದು ಎಲ್1 ಸೇರಿದ ನಮ್ಮ ಇಸ್ರೋದ ಆದಿತ್ಯ ನೌಕೆಯಲ್ಲೂ ಈ ಕಾಂತಕ್ಷೇತ್ರವನ್ನು ಅಳೆಯುವ ಮ್ಯಾಗ್ನೆಟೋಮೀಟರ್ ಇದೆ. ನನಗೆ ಅದು ತುಂಬಾ ಹೆಮ್ಮೆಯ ವಿಷಯ.

ನೌಕೆ ಕಳಿಸುವ ಗ್ರಾಫ್‌ನಲ್ಲಿ ನಾವು ಕಣ್ಣಿಡುವುದು ಬಿಜೆಡ್ ಅನ್ನುವ ಒಂದೇ ಗೆರೆಯ ಮೇಲೆ. ಅದು ಕಾಂತಕ್ಷೇತ್ರದ ಉತ್ತರ-ದಕ್ಷಿಣದ ಅಳತೆ, ಸೊನ್ನೆಗಿಂತ ಕೆಳಗೆ ಅಂದರೆ ದಕ್ಷಿಣ. ಅದು ಸೊನ್ನೆಗಿಂತ ಚೆನ್ನಾಗಿ ಕೆಳಗಿಳಿದು ಗಂಟೆಗಟ್ಟಲೆ ಅಲ್ಲೇ ಕೂತರೆ ಬಿರುಗಾಳಿ ಬಂತು ಅಂತಲೇ ಲೆಕ್ಕ. 2024ರ ಮೇ 10ರಂದು ಒಂದರ ಹಿಂದೊಂದು ಮೋಡ ಬಂದವು. ಬಿರುಗಾಳಿಯ ಜೋರನ್ನು ಜಿ1ರಿಂದ ಜಿ5ರವರೆಗೆ ಅಳೆಯುತ್ತಾರೆ, ಜಿ5 ಎಲ್ಲಕ್ಕಿಂತ ಜೋರು. ಅಮೆರಿಕದ ಮುನ್ಸೂಚನಾ ಕೇಂದ್ರ ಜಿ4 ಅಂದಿತ್ತು, ಆಗಿದ್ದು ಜಿ5. 2003ರ ನಂತರ ಅಂಥದ್ದು ಅದೇ ಮೊದಲು. ಧ್ರುವದ ಕಡೆ ಕಾಣುವ ಧ್ರುವಪ್ರಭೆಯಿಂದ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು.

ಇನ್ನು ಕರೆಂಟ್. 1989ರಲ್ಲಿ ಇಂಥ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಕತ್ತಲಾಗಿತ್ತು, ನಿಜ. ಅದು ಧ್ರುವದ ಕಡೆಯ ಜಾಗ. ನಮ್ಮಲ್ಲಿ ಆ ಭಯ ತುಂಬಾ ಕಮ್ಮಿ. ಜಿಪಿಎಸ್ ವಿಷಯ ಬೇರೆ. ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರ ಇದ್ದೇವೆ, ಸಿಗ್ನಲ್ ಏರುಪೇರು ಇಲ್ಲಿಗೂ ತಟ್ಟುತ್ತದೆ, ಸಂಜೆಯ ಮೇಲೆ ಜಾಸ್ತಿ. ಆ ಮೇ ತಿಂಗಳಲ್ಲಿ ಅಮೆರಿಕದ ಎಷ್ಟೋ ರೈತರು ಜಿಪಿಎಸ್ ಟ್ರ್ಯಾಕ್ಟರ್ ನಿಲ್ಲಿಸಬೇಕಾಯಿತು. ರೋವರ್ (ಸರ್ವೆಯವರು ಬಳಸುವ ಜಿಪಿಎಸ್ ಸಾಧನ) ಇಟ್ಟು ತೋಟದ ಗಡಿ ಅಳೆಸುವುದಿದ್ದರೆ, ಜಿ4, ಜಿ5 ಎಚ್ಚರಿಕೆ ಇರುವ ದಿನ ಬೇಡ, ಎರಡು ದಿನ ಬಿಟ್ಟು ಅಳೆಸಿ.